ಅಪ್ಪ ಹೆಣವಾದ ಕೊನೆಯ ಸೀಸನ್

ಶನಿವಾರ, ಭಾನುವಾರ ಸಂಜೆ ಏಳೂವರೆಯಿಂದ ಒಂದು ಗಂಟೆ ನಮ್ಮಮ್ಮ ಯಾರ ಕೈಗೂ ಸಿಗುತ್ತಿರಲಿಲ್ಲ. ನಂಜನಗೂಡಿನ ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಅರಿಸಿನ ಕುಂಕುಮಕ್ಕೆ ಕರೆಯಲು ಬರುವವರು ಕೂಡ ಅದಕ್ಕೆ ಮೊದಲೇ ಬಂದು ಹೋಗುತ್ತಿದ್ದರು. ಆ ಹೊತ್ತಿಗೆ ಟಿವಿಯಲ್ಲಿ ಪತ್ತೇದಾರಿ ಧಾರಾವಾಹಿ. ನಾನು ಪಿಯುಸಿ ಓದುವಾಗ ಶುರುವಾದದ್ದು. ನಡುನಡುವೆ ಕೆಲವು ತಿಂಗಳು ನಿಂತು, ಹೊಸ ಸೀಸನ್ ಎಂದು ಮತ್ತೆ ಬರುತ್ತಿತ್ತು. ನಾನು ಓದು ಮುಗಿಸಿ, ಅದೇ ಊರಿನ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿ, ಮದುವೆಯಾಗಿ, ತವರುಮನೆಯಿಂದ ಎರಡು ಬೀದಿ ಆಚೆ ಸಂಸಾರ ಹೂಡಿದ ಮೇಲೂ ಅದು ಮುಗಿದಿರಲಿಲ್ಲ. ಅದರ ಇನ್‌ಸ್ಪೆಕ್ಟರಿಗೆ ಮೊದಲು ಕಪ್ಪು ಮೀಸೆ ಇತ್ತು, ಆಮೇಲೆ ಅದರಲ್ಲಿ ಬಿಳಿ ಇಣುಕಿತು, ಆಮೇಲೆ ಒಂದು ಸೀಸನ್ನಿನಲ್ಲಿ ಇದ್ದಕ್ಕಿದ್ದಂತೆ ಮತ್ತೆ ಕಪ್ಪಾಯಿತು. ‘ಬಣ್ಣ ಆಕವ್ನೆ, ಪಾಪ, ವಯಸ್ಸಾಯ್ತು’ ಎಂದು ಅಮ್ಮ ಸ್ವಂತ ಅಣ್ಣನ ಬಗ್ಗೆ ಹೇಳುವ ಹಾಗೆ ಹೇಳಿದ್ದಳು.

ಅಮ್ಮ ಒಬ್ಬಳೇ ನೋಡುತ್ತಿರಲಿಲ್ಲ. ಟಿ. ನರಸೀಪುರದಲ್ಲಿ ಅವಳ ತಂಗಿ, ಅಂದರೆ ನನ್ನ ಚಿಕ್ಕಮ್ಮ, ತನ್ನ ಮನೆಯ ಟಿವಿಯ ಮುಂದೆ ಕೂತಿರುತ್ತಿದ್ದಳು. ಜಾಹೀರಾತು ಬಂದ ತಕ್ಷಣ ಫೋನು. ಸೋಫಾದ ಕೈ ಮೇಲೆ ಫೋನನ್ನು ಸ್ಪೀಕರಿಗೆ ಹಾಕಿಟ್ಟು ಅಕ್ಕತಂಗಿ ಕೊಲೆಗಾರನನ್ನು ಹುಡುಕುತ್ತಿದ್ದರು. ಜಾಸ್ತಿ ಅಳುವವರೇ ಕೊಂದಿರುತ್ತಾರೆ ಎಂಬುದು ಅಮ್ಮನ ಲೆಕ್ಕಾಚಾರ. ಇನ್‌ಸ್ಪೆಕ್ಟರಿಗೆ ಕಾಫಿ ಬೇಕಾ ಎಂದು ಮೊದಲು ಕೇಳುವವರ ಮೇಲೆ ಚಿಕ್ಕಮ್ಮನಿಗೆ ಅನುಮಾನ.

‘ಮನೆಗೆ ಬಂದೋರಿಗೆ ಕಾಫಿ ಕೊಡೋದು ತಪ್ಪೇನೇ?’ ಎಂದು ಅಮ್ಮ ಕೇಳಿದರೆ, ‘ಹೆಣ ಬಿದ್ದಿರೋ ಮನೇಲಿ ಒಲೆ ಹಚ್ತಾರಾ ಅಕ್ಕ?’ ಎಂದು ಆ ಕಡೆಯಿಂದ ಉತ್ತರ ಬರುತ್ತಿತ್ತು.

ಅಪ್ಪನಿಗೆ ಇದೆಲ್ಲ ತಮಾಷೆ. ಅಪ್ಪ ಹುಲ್ಲಹಳ್ಳಿ ಕಡೆಯವರು. ನಂಜನಗೂಡಿಗೆ ಬಂದು ಬೀಜ, ಗೊಬ್ಬರದ ಅಂಗಡಿ ಇಟ್ಟು, ಈಗ ಅದನ್ನು ತಮ್ಮನಿಗೆ ಬಿಟ್ಟು, ಹೊತ್ತು ಹೋಗಲೆಂದು ದಿನವೂ ಹೋಗಿ ಗಲ್ಲಾಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುವವರು. ಹಣೆ ತುಂಬ ವಿಭೂತಿ, ಅಂಗಿಯ ಗುಂಡಿಗಳಿಗೆ ಸದಾ ಕಷ್ಟ ಕೊಡುವ ಹೊಟ್ಟೆ. ಧಾರಾವಾಹಿ ಬರುವಾಗ ಅದೇ ಹಾಲಿನಲ್ಲಿ ಮೂಲೆಯ ಕುರ್ಚಿಯಲ್ಲಿ ಪೇಪರು ಅಗಲವಾಗಿ ಬಿಡಿಸಿಕೊಂಡು ಕೂತು, ‘ಈ ಪೊಲೀಸಪ್ಪಂಗೆ ಮನೆ ಮಠ ಇಲ್ವಾ? ವಾರವಾರನೂ ಬತ್ತನಲ್ಲ’ ಎನ್ನುತ್ತಿದ್ದರು. ಅಮ್ಮ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಆ ಚಾನೆಲ್ಲಿನವರು ಮುಂದಿನದೇ ಕೊನೆಯ ಸೀಸನ್ ಎಂದು ಹೇಳಿದರು. ಅಮ್ಮ ಆ ಸಂಜೆ ನನಗೆ ಫೋನ್ ಮಾಡಿದಾಗ ಅವಳ ದನಿ ಕೇಳಿ ನನಗೆ ಗಾಬರಿಯಾಯಿತು. ಯಾರಿಗೋ ಏನೋ ಆಗಿದೆ ಎಂದುಕೊಂಡೆ.

‘ನಿಲ್ಲಿಸ್ತಾರಂತೆ ಕಣೆ’ ಎಂದಳು.

‘ಏನನ್ನ?’

‘ಇನ್ನೇನನ್ನ!’

ಚಿಕ್ಕಮ್ಮನಿಗೆ ಅದಕ್ಕಿಂತ ದೊಡ್ಡ ಭಯ. ‘ಸುಮ್ನೆ ನಿಲ್ಲಿಸಲ್ಲ ಅಕ್ಕ. ಅವನ್ನ ಸಾಯ್ಸೇ ಬಿಡ್ತಾರೆ ನೋಡು, ಮತ್ತೆ ಶುರು ಮಾಡಿ ಅಂತ ಯಾರೂ ಕೇಳಬಾರದು ಅಂತ.’ ಕೊನೆಯ ಸೀಸನ್ನಿಗೆ ಜನ ತಯಾರಾಗಲಿ ಎಂದು ಚಾನೆಲ್ಲಿನವರು ಹಳೆಯ ಕಂತುಗಳನ್ನೆಲ್ಲ ದಿನವಿಡೀ ಮತ್ತೆ ಹಾಕತೊಡಗಿದರು. ಕೊಲೆಗಾರರು ಯಾರೆಂದು ಬಾಯಿಪಾಠವಾಗಿದ್ದರೂ ಅಕ್ಕತಂಗಿಯರು ಅವನ್ನೂ ಬಿಡಲಿಲ್ಲ.

ಆ ದಿನಗಳಲ್ಲೇ ತಲಕಾಡಿನಲ್ಲಿ ಅಪ್ಪನ ಹಳೆಯ ಗಿರಾಕಿಯೊಬ್ಬರ ಮಗಳ ನಿಶ್ಚಿತಾರ್ಥ ಬಂತು. ಅಪ್ಪ, ಅಮ್ಮ, ನಾನು ಹೋಗುವುದು, ದಾರಿಯಲ್ಲಿ ನರಸೀಪುರದಲ್ಲಿ ಚಿಕ್ಕಮ್ಮನನ್ನು ಹತ್ತಿಸಿಕೊಳ್ಳುವುದು ಎಂದು ಮಾತಾಗಿತ್ತು. ಬೆಳಿಗ್ಗೆ ನಾನು ಕಾರು ತಂದರೆ ಅಮ್ಮ ನೈಟಿಯಲ್ಲೇ ಬಾಗಿಲಿಗೆ ಬಂದಳು.

‘ನೀವಿಬ್ರೂ ಓಗ್ಬನ್ನಿ. ನಂಗೆ ಮಂಡಿನೋವು.’

ನರಸೀಪುರಕ್ಕೆ ಹೋದರೆ ಚಿಕ್ಕಮ್ಮನಿಗೂ ಮಂಡಿನೋವು. ಅವಳ ಟಿವಿಯಿಂದ ಇನ್‌ಸ್ಪೆಕ್ಟರ್ ಯಾರನ್ನೋ ಗದರಿಸುತ್ತಿದ್ದದ್ದು ಬೀದಿಗೇ ಕೇಳುತ್ತಿತ್ತು. ಅಪ್ಪ ಕಾರಿನ ಗಾಜು ಏರಿಸಿದರು.

ತಲಕಾಡಿನಲ್ಲಿ ಊಟ ಭರ್ಜರಿಯಾಗಿತ್ತು. ಹೋಳಿಗೆ ಬಡಿಸುವವರಿಗೆ ಅಪ್ಪ ಕೈ ಅಡ್ಡ ಹಿಡಿದದ್ದನ್ನು ನಾನು ಕಾಣಲಿಲ್ಲ. ಎಲೆ ಅಡಿಕೆ ಹಾಕಿಕೊಂಡು, ‘ಸ್ವಲ್ಪ ನಡೆದ್ರೆ ಇಳೀತದೆ’ ಎಂದು ಮರಳ ದಿಬ್ಬದ ಕಡೆ ಹೊರಟರು. ನೀಲಗಿರಿ ಮರಗಳನ್ನು ದಾಟಿದರೆ ಅಲ್ಲಿ ದೊಡ್ಡ ಕೊಡೆಗಳು, ವ್ಯಾನು, ಹಗ್ಗದ ಆಚೆ ಜನ. ಶೂಟಿಂಗು. ಪೊಲೀಸ್ ಜೀಪಿನ ಪಕ್ಕ ಕುರ್ಚಿ ಹಾಕಿಕೊಂಡು ಎಳನೀರು ಕುಡಿಯುತ್ತಿದ್ದ ಮೀಸೆಯನ್ನು ನೋಡಿ ಅಪ್ಪನ ತೋಳು ಹಿಡಿದು ನಿಲ್ಲಿಸಿದೆ. ನಮ್ಮ ಹಾಲಿನಲ್ಲಿ ಇಷ್ಟು ವರ್ಷ ಬಂದು ಹೋದ ಅದೇ ಮೀಸೆ. ಅಮ್ಮನಿಗೆ ಫೋನ್ ಮಾಡೋಣವೆಂದರೆ ಹಗ್ಗದ ಹತ್ತಿರ ನಿಂತವರು ಫೋನುಗಳನ್ನೆಲ್ಲ ಇಸಿದುಕೊಂಡು ಬುಟ್ಟಿಯಲ್ಲಿಟ್ಟುಕೊಳ್ಳುತ್ತಿದ್ದರು. ಕಥೆ ಹೊರಗೆ ಹೋಗಬಾರದಂತೆ.

ಅಲ್ಲೊಂದು ತಕರಾರು ನಡೆದಿತ್ತು. ಮರಳಿನಲ್ಲಿ ಸತ್ತುಬಿದ್ದ ಅಕ್ಕಿ ಗಿರಣಿ ಸಾಹುಕಾರನ ಪಾತ್ರಕ್ಕೆ ಬಂದಿದ್ದ ಮನುಷ್ಯ ತೀರಾ ಬಡಕಲು. ನಿರ್ದೇಶಕರು ತಲೆ ಚಚ್ಚಿಕೊಳ್ಳುತ್ತಿದ್ದರು. ‘ಇವರನ್ನ ನೋಡಿದ್ರೆ ಕೊಲೆ ಅಂತ ಯಾರ್ರೀ ನಂಬ್ತಾರೆ? ಊಟ ಇಲ್ದೆ ಸತ್ರು ಅಂತಾರೆ!’

ಟೋಪಿ ಹಾಕಿಕೊಂಡಿದ್ದ ಸಹಾಯಕ ನಿರ್ದೇಶಕಿಯೊಬ್ಬಳು ಜನರತ್ತ ಕಣ್ಣಾಡಿಸಿದಳು. ಕಣ್ಣು ಅಪ್ಪನ ಹೊಟ್ಟೆಯ ಮೇಲೆ ನಿಂತಿತು.

‘ಸರ್, ನೀವು ಸ್ವಲ್ಪ ಹೊತ್ತು ಮಲ್ಕೊಬಹುದಾ?’

‘ಎಲ್ಲವ್ವಾ?’

‘ಇಲ್ಲೇ, ಮರಳಲ್ಲಿ. ಹೆಣದ ಪಾತ್ರ ಸರ್. ಮಾತಿಲ್ಲ, ಏನಿಲ್ಲ.’

ಬೇರೆ ದಿನವಾಗಿದ್ದರೆ ಅಪ್ಪ ಬೈದು ಬರುತ್ತಿದ್ದರು. ಆದರೆ ಹೋಳಿಗೆ ಕೆಲಸ ಮಾಡುತ್ತಿತ್ತು, ಕಣ್ಣು ಎಳೆಯುತ್ತಿತ್ತು. ‘ಮಲಗೋದೇನು ಕಷ್ಟ, ಓಗ್ಲಿ ಬುಡಿ’ ಎಂದು ಹಗ್ಗದ ಕೆಳಗೆ ನುಗ್ಗಿದರು. ನಿಶ್ಚಿತಾರ್ಥದ ಅಂಗಿ ಕೆಡಬಾರದೆಂದು ಶೂಟಿಂಗಿನವರೇ ತಮ್ಮ ಬೇರೊಂದು ಅಂಗಿ ತೊಡಿಸಿ, ಎದೆಯ ಮೇಲೆ ಕೆಂಪು ನೀರು ಸುರಿದು, ಮರಳಿನಲ್ಲಿ ಮಲಗಿಸಿದರು. ಇನ್‌ಸ್ಪೆಕ್ಟರ್ ಎದ್ದು ಬಂದು ಪಕ್ಕದಲ್ಲಿ ಮಂಡಿಯೂರಿ ಕೂತು, ‘ಬಿಸಿಲು ಜೋರಿದೆ, ಆರಾಮಾಗಿದ್ದೀರಾ ಯಜಮಾನ್ರೇ?’ ಎಂದು ವಿಚಾರಿಸಿದರು.

ಅಪ್ಪ ಮಲಗಿದ್ದಲ್ಲಿಂದಲೇ ಕೇಳಿದ ಮಾತು ನನ್ನನ್ನು ಬೆಚ್ಚಿಬೀಳಿಸಿತು. ‘ಆರಾಮಾಗಿವ್ನಿ ಸಾ. ಅಲ್ಲಾ, ನಿಮ್ಮ ಜೀಪು ಓಡುಸ್ತಿದ್ದ ಪೇದೆ ಎಲ್ಲಿ? ಆ ಬೆಂಕಿ ಬಿದ್ದ ಗೋಡೌನ್ ಕೇಸಾದ ಮೇಲೆ ಅವನು ಕಾಣಲೇ ಇಲ್ವಲ್ಲ. ಒಳ್ಳೆ ಮನುಷ್ಯ.’

ಗೋಡೌನ್ ಕೇಸು ಬಂದು ಎಷ್ಟೋ ವರ್ಷವಾಗಿತ್ತು. ಅಂದರೆ ಅಪ್ಪ ಇಷ್ಟು ವರ್ಷವೂ ಪೇಪರಿನ ಮರೆಯಲ್ಲಿ ಒಂದು ಕಂತನ್ನೂ ಬಿಟ್ಟಿರಲಿಲ್ಲ! ಇನ್‌ಸ್ಪೆಕ್ಟರ್ ನಕ್ಕು, ಆ ನಟ ಬೇರೆ ಧಾರಾವಾಹಿಗೆ ಹೋದದ್ದನ್ನು ಹೇಳಿದರು. ಅಪ್ಪ ‘ಅಯ್ಯೋ ಪಾಪ’ ಎಂದು ಕಣ್ಣು ಮುಚ್ಚಿ ಸತ್ತರು.

ಕಷ್ಟ ಶುರುವಾದದ್ದು ಆಮೇಲೆ. ಸಾಹುಕಾರನ ಹೆಂಡತಿಯ ಪಾತ್ರದ ನಟಿ ರೇಷ್ಮೆ ಸೀರೆಯುಟ್ಟು ಓಡಿ ಬಂದು ಹೆಣದ ಕಾಲಿಗೆ ಬಿದ್ದು ಅಳಬೇಕು. ಅಪ್ಪನಿಗೆ ಅಂಗಾಲಿನಲ್ಲಿ ಕಚಗುಳಿ ಬಹಳ. ಆಕೆ ‘ಅಯ್ಯೋ ನನ್ ದೊರೆ’ ಎಂದು ಕಾಲು ತಬ್ಬಿಕೊಂಡದ್ದೇ ತಡ, ಹೆಣ ಕಾಲು ಜಾಡಿಸಿತು.

‘ಕಟ್! ಹೆಣ ಒದೀತಾ ಇದೆ!’ ನಿರ್ದೇಶಕರು ಕೂಗಿದರು.

ಇನ್ನೊಂದು ಸಲ ಆಯಿತು, ಮತ್ತೊಂದು ಸಲ ಆಯಿತು. ಆ ನಟಿ ಕೈಮುಗಿದು, ‘ಸರ್, ಸ್ವಲ್ಪ ಪೂರ್ತಿ ಸತ್ತಿರಿ, ಪ್ಲೀಸ್’ ಎಂದಳು. ಕೊನೆಗೆ ದೀಪಗಳನ್ನು ಸರಿಮಾಡುವಷ್ಟರಲ್ಲಿ ಅಪ್ಪನಿಗೆ ನಿಜವಾಗಿ ನಿದ್ದೆ ಹತ್ತಿತು. ಆಕೆ ಮನಸಾರೆ ಅತ್ತಳು, ಹೆಣ ಗೊರಕೆ ಹೊಡೆಯಿತು. ದನಿಯನ್ನು ಆಮೇಲೆ ತೆಗೆದುಹಾಕುತ್ತೇವೆ, ಕಾಲು ಅಲ್ಲಾಡದಿದ್ದರೆ ಸಾಕು ಎಂದರು ನಿರ್ದೇಶಕರು.

ಬರುವಾಗ ಕಾರಿನಲ್ಲಿ ಅಪ್ಪ ಕೂದಲಿನ ಮರಳು ಕೊಡವಿಕೊಳ್ಳುತ್ತಿದ್ದರು. ನರಸೀಪುರ ದಾಟಿದ ಮೇಲೆ, ‘ನಿಮ್ಮಮ್ಮಂಗೆ ಏಳ್ಬೇಡ’ ಎಂದರು. ‘ಹೆಣ ಅಂದ್ರೆ ಸುಮ್ನಿರ್ತಾಳಾ ಅವಳು?’

ಹೇಳಬಾರದು ಎಂದು ಇಬ್ಬರೂ ಒಪ್ಪಿಕೊಂಡೆವು. ಆದರೆ ನಾವು ಹೋಗಿ ನಿಂತದ್ದು ಯಾರ ಮುಂದೆ! ಮಾರನೆಯ ಬೆಳಿಗ್ಗೆ ಅಮ್ಮ ನನ್ನನ್ನು ಕರೆಸಿಕೊಂಡಳು. ಅಪ್ಪನನ್ನು ಜಗಲಿಯಲ್ಲೇ ಕೂರಿಸಿ, ನನ್ನನ್ನು ಅಡುಗೆಮನೆಗೆ ಒಯ್ದು, ಬಾಗಿಲು ಮುಂದಕ್ಕೆ ಎಳೆದಳು. ಅನುಮಾನ ಬಂದವರನ್ನು ಬೇರೆ ಬೇರೆ ಕೂರಿಸಿ ಕೇಳಬೇಕೆಂಬುದನ್ನು ಅವಳಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿರಲಿಲ್ಲ.

‘ನಿನ್ನೆ ಊಟಕ್ಕೆ ಏನೇನು ಮಾಡಿದ್ರು?’

ಹೇಳಿದೆ.

‘ಊಟ ಆದ್ಮೇಲೆ?’

‘ಎಲೆ ಅಡಿಕೆ ಹಾಕ್ಕೊಂಡು ಬಂದ್ಬಿಟ್ವಿ.’

‘ನಿಮ್ಮಪ್ಪ ದೇವಸ್ಥಾನ ಸುತ್ತಾಡಿ ಬಂದ್ವಿ ಅಂದ್ರಲ್ಲ.’

ನಾನು ಬಾಯಿ ತೆರೆಯುವ ಮೊದಲೇ ಅವಳು ಬಕೆಟ್ಟಿನಿಂದ ಅಪ್ಪನ ಬನಿಯನ್ ಎತ್ತಿ ಹಿಡಿದಳು. ಎದೆಯ ಮೇಲೆ ಕೆಂಪು ಕಲೆ. ‘ಕುಂಕುಮ ಅಲ್ಲ. ಸಾರಲ್ಲ. ಎಲೆ ಅಡಿಕೆ ಉಗುಳಿದ್ದೂ ಅಲ್ಲ, ಮೂಸಿ ನೋಡಿದೀನಿ. ಕಿವಿಯೊಳಗೆ ಮರಳು. ನಡೆದಾಡಿದೋರ ಕಿವಿಗೆ ಮರಳು ಹೆಂಗೆ ಓಗ್ತದೆ? ಮಲಗಿದ್ರಾ? ಬಿದ್ರಾ? ಏನಾರ ಆಯ್ತಾ ಅವರಿಗೆ?’ ಅಪ್ಪನಿಗೆ ಬಿಪಿ ಇದೆ. ಎಲ್ಲೋ ತಲೆತಿರುಗಿ ಬಿದ್ದದ್ದನ್ನು ಮುಚ್ಚಿಡುತ್ತಿದ್ದೇವೆ ಎಂದು ಹೆದರಿದ್ದಳು.

ಹಾಗಾಗಿ ಒಪ್ಪಿಕೊಂಡೆ. ಶೂಟಿಂಗು, ಹೆಣ, ಕೆಂಪು ನೀರು, ಎಲ್ಲ ಹೇಳಿದೆ. ಕಾಲಿಗೆ ಬಿದ್ದು ಅತ್ತ ನಟಿಯ ಸಂಗತಿಯನ್ನು ಮಾತ್ರ, ಯಾಕೋ, ಬಿಟ್ಟೆ.

ಅಮ್ಮ ಜಗಲಿಗೆ ಹೋಗಿ ಅಪ್ಪನ ಮುಂದೆ ನಿಂತಳು. ‘ತಾಳಿ ಕಟ್ಕೊಂಡು ನಾನಿಲ್ಲಿ ಬದುಕಿದೀನಿ. ನೀವು ಅಲ್ಲಿ ಹೆಣ ಆಗಿ ಮಲಗಿದ್ರಾ? ಏಳಿ, ತಲೆಗೆ ಸ್ನಾನ ಮಾಡಿ.’

‘ನಿನ್ನೇನೇ ಮಾಡಿದ್ನಲ್ಲೇ.’

‘ಇನ್ನೊಂದ್ಸಲ ಮಾಡಿ!’

ಅಪ್ಪ ಸ್ನಾನ ಮಾಡಿದರು. ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ ಬಂದರು. ಅಮ್ಮನ ಮುಖ ಮಾತ್ರ ಸಡಿಲಾಗಲಿಲ್ಲ. ಅಪ್ಪನ ಜೊತೆ ಮಾತು ಅಗತ್ಯಕ್ಕಷ್ಟೇ ಆಯಿತು: ಊಟ ಆಗಿದೆ, ಗ್ಯಾಸಿನವನು ಬಂದಿದ್ದಾನೆ. ಅಪಶಕುನದ ಸಿಟ್ಟಾದರೆ ಇಷ್ಟು ದಿನ ಎಳೆಯುವುದಿಲ್ಲವಲ್ಲ ಎಂದು ನನಗೆ ಅನುಮಾನ. ಒಂದು ಮಧ್ಯಾಹ್ನ ಅವಳ ಜೊತೆ ಕೂತು ಅವರೆಕಾಯಿ ಸುಲಿಯುವಾಗ ಅವಳೇ ಮೆಲ್ಲಗೆ ಕೇಳಿದಳು.

‘ಅವರು ಪಕ್ಕದಲ್ಲೇ ಕೂತಿದ್ರಾ?’

‘ಯಾರು?’

‘ಅವರೇ ಕಣೆ, ಇನ್‌ಸ್ಪೆಕ್ಟ್ರು. ಎಷ್ಟು ಹತ್ರ? ನೀನೂ ನಾನೂ ಕೂತಿರೋವಷ್ಟು?’

‘ಅದಕ್ಕಿಂತ ಹತ್ರ.’

ಅಮ್ಮ ಕೈಯಲ್ಲಿದ್ದ ಅವರೆಕಾಯಿಯನ್ನು ಕೆಳಗಿಟ್ಟಳು. ‘ಇಷ್ಟು ವರ್ಷ ನೋಡಿದೋಳು ನಾನು. ಒಂದು ವಾರ ಬಿಟ್ಟೋಳಲ್ಲ. ನಿಂಗೆ ಜ್ವರ ಬಂದಿತ್ತಲ್ಲ, ಆಗಲೂ ನಿನ್ ಹಣೆ ಮೇಲೆ ಒದ್ದೆ ಬಟ್ಟೆ ಇಟ್ಕೊಂಡೇ ನೋಡ್ದೆ. ಆಡ್ಕೊಂಡು ನಗೋ ಮನುಷ್ಯ ಹೋಗಿ ಅವರ ಮುಂದೆ ಮಲಗಿ ಬಂದ್ರು. ನಾನು ಇಲ್ಲಿ ಕೂತ್ಕೊಂಡು ಹಳೇದನ್ನ ನೋಡ್ತಿದ್ದೆ.’ ಕಣ್ಣು ತುಂಬಿಕೊಂಡಿತ್ತು. ಆಮೇಲೆ, ‘ಮಂಡಿನೋವೇನೂ ಇರ್ಲಿಲ್ಲ’ ಎಂದಳು.

‘ಅವರು ಎಳನೀರು ಕುಡೀತಿದ್ರು, ಸ್ಟ್ರಾ ಇಲ್ದೇನೇ’ ಎಂದು ನನಗೆ ನೆನಪಿದ್ದದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ಅಮ್ಮ ತಲೆತಗ್ಗಿಸಿ ಕೇಳಿಸಿಕೊಂಡಳು. ನಡುವೆ, ‘ಮೀಸೆ ಹತ್ರದಿಂದಾನೂ ಕಪ್ಪೇನಾ?’ ಎಂದು ಒಂದೇ ಒಂದು ಪ್ರಶ್ನೆ ಕೇಳಿದಳು.

ಕೊನೆಯ ಸೀಸನ್ ಶುರುವಾಯಿತು. ಗಂಡ ಸತ್ತಿರುವುದನ್ನು ಕಣ್ಣಾರೆ ನೋಡುವುದಿಲ್ಲ ಎಂದು ಅಮ್ಮ ಹಟ ಹಿಡಿದಳು. ಯಾವ ಕಂತಿನಲ್ಲಿ ಸಾಯುತ್ತಾರೋ ನಮಗೂ ಗೊತ್ತಿರಲಿಲ್ಲ. ಹಾಗಾಗಿ ಅವಳು ಪ್ರತಿ ವಾರವೂ ಅಡುಗೆಮನೆಯಲ್ಲಿ, ಬಾಗಿಲಿನ ಮರೆಯಲ್ಲಿ ಸ್ಟೂಲು ಹಾಕಿಕೊಂಡು ಬರೀ ಕಿವಿಯಲ್ಲಿ ಧಾರಾವಾಹಿ ನೋಡಿದಳು. ಮುಖ ಕಾಣದೆ ದನಿ ಮಾತ್ರ ಕೇಳುವುದರಿಂದಲೋ ಏನೋ, ಕೊಲೆಗಾರರನ್ನು ಮೊದಲಿಗಿಂತ ಬೇಗ ಹಿಡಿಯತೊಡಗಿದಳು. ‘ಆ ಕೆಮ್ತಾವ್ನಲ್ಲ, ಅವನೇ’ ಎಂದು ಒಳಗಿನಿಂದ ಕೂಗು ಬರುತ್ತಿತ್ತು.

ಅಪ್ಪ ಈಗ ಪೇಪರು ಬಿಟ್ಟು ಸೋಫಾದಲ್ಲಿ ರಾಜಾರೋಷವಾಗಿ ಕೂರುತ್ತಿದ್ದರು. ಸಾಲದೆಂಬಂತೆ ಅಂಗಡಿಗೆ ಬಂದ ರೈತರಿಗೆಲ್ಲ ಹೇಳಿದ್ದರು. ಚಿಕ್ಕಯ್ಯನಛತ್ರದಿಂದ ಯೂರಿಯಾಕ್ಕೆ ಬಂದವರು, ‘ಯಾವತ್ತು ಸಾಯ್ತೀರಿ ಸಾ?’ ಎಂದು ಕೇಳಿಹೋಗುತ್ತಿದ್ದರು.

ಒಂದು ಶನಿವಾರ ಚಿಕ್ಕಮ್ಮ ಬಸ್ಸು ಹತ್ತಿ ನಂಜನಗೂಡಿಗೇ ಬಂದಳು. ‘ಮುಂದಿನ ಕಂತಿನ ತುಣುಕಲ್ಲಿ ಮರಳು ತೋರಿಸಿದ್ರು ಅಕ್ಕ. ಭಾವ ಇವತ್ತೇ ಹೋಗೋದು’ ಎಂದಳು. ಅಮ್ಮ ಅಡುಗೆಮನೆ ಸೇರಿದಳು. ನಾವು ಮೂವರೂ ಟಿವಿಯ ಮುಂದೆ ಕೂತೆವು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು.

ಜೀಪು ಬಂತು. ನೀಲಗಿರಿ ಮರ ಬಂತು. ಮರಳು ಬಂತು. ಮರಳಿನಲ್ಲಿ ಎರಡು ಕಾಲು ಬಂದವು. ಕಾಲಿನಿಂದ ಮೇಲಕ್ಕೆ ಬಿಳಿಯ ಬಟ್ಟೆ ಹೊದಿಸಿದ್ದರು. ಆ ಹೊದಿಕೆ ಹಾಕಿ ಇನ್ನೊಂದು ಸಲ ತೆಗೆದಾಗ ಅಪ್ಪ ನಿದ್ದೆಯಲ್ಲಿದ್ದರು, ನಾನು ಫೋನು ವಾಪಸು ಇಸಿದುಕೊಳ್ಳಲು ಹೋಗಿದ್ದೆ. ಅಪ್ಪ ಮುಂದಕ್ಕೆ ಬಾಗಿ ಕಾದರು. ಕ್ಯಾಮೆರಾ ಮುಖದ ಕಡೆ ಹೋಗಲೇ ಇಲ್ಲ. ಇನ್‌ಸ್ಪೆಕ್ಟರ್ ಬಟ್ಟೆಯ ತುದಿ ಎತ್ತಿ ನೋಡಿದರು, ನಮಗೆ ಅವರ ಮುಖವಷ್ಟೇ ಕಂಡಿತು. ಅಷ್ಟರಲ್ಲಿ, ‘ಅಯ್ಯೋ ನನ್ ದೊರೆ!’ ಎಂದು ರೇಷ್ಮೆ ಸೀರೆ ಓಡಿ ಬಂದು ಆ ಕಾಲುಗಳನ್ನು ಎದೆಗೆ ಅವುಚಿಕೊಂಡಿತು.

ಅಡುಗೆಮನೆಯ ಬಾಗಿಲು ದಢಾರನೆ ತೆರೆಯಿತು.

‘ಯಾರವಳು?’ ಎಂದಳು ಅಮ್ಮ, ಸೌಟಿನ ಸಮೇತ. ಟಿವಿಯ ಹತ್ತಿರ ಹತ್ತಿರ ಹೋಗಿ ಬಗ್ಗಿ ನೋಡಿದಳು. ಅಪ್ಪನ ಎಡಗಾಲಿನ ಹೆಬ್ಬೆರಳು ಹಿಂದೆ ಗೊಬ್ಬರದ ಮೂಟೆ ಬಿದ್ದು ಸೊಟ್ಟಗಾದದ್ದು. ‘ನಿಮ್ಮ ಕಾಲಲ್ವೇನ್ರೀ ಅದು? ಒಡೆದ ಹಿಮ್ಮಡಿ ಹಂಗೇ ಬಂದದಲ್ಲ! ಇವಳು ಬಂದು ಹಿಡ್ಕೊಂಡಿದ್ದನ್ನ ಇಬ್ರೂ ನಂಗೆ ಏಳಲೇ ಇಲ್ಲ!’

‘ನಾನು ನಿದ್ದೆ ಮಾಡ್ತಿದ್ದೆ ಕಣೆ’ ಎಂದರು ಅಪ್ಪ.

ಆಗ ಟಿವಿಯಲ್ಲಿ, ಹೆಂಡತಿ ಬಿಕ್ಕಿಬಿಕ್ಕಿ ಅಳುತ್ತಿರುವಾಗ, ಸತ್ತ ಸಾಹುಕಾರನ ಸೊಟ್ಟ ಹೆಬ್ಬೆರಳು ಒಂದು ಸಲ ಪಟಕ್ಕನೆ ಅಲ್ಲಾಡಿತು. ಅಷ್ಟು ಜನ ಸೇರಿ ಮಾಡಿದ ಧಾರಾವಾಹಿಯಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮೊದಲು ನಕ್ಕವಳು ಚಿಕ್ಕಮ್ಮ. ಆಮೇಲೆ ಅಮ್ಮ. ಸೌಟು ನೆಲಕ್ಕಿಟ್ಟು, ಅಲ್ಲೇ ಟಿವಿಯ ಮುಂದೆ ಕುಸಿದು ಕೂತು, ಸೆರಗು ಬಾಯಿಗೆ ಅದುಮಿಕೊಂಡು ನಕ್ಕಳು. ಉಸಿರು ಸಿಗದೆ, ‘ಸತ್ರೂ ಕಚಗುಳಿ... ಸತ್ರೂ ಬಿಡ್ಲಿಲ್ಲ’ ಎಂದಳು. ಎಷ್ಟೋ ದಿನಗಳ ಮೇಲೆ ಅಪ್ಪನ ಮಂಡಿಗೆ ಒಂದು ಏಟು ಕೊಟ್ಟಳು. ಅಪ್ಪ ಮಾತ್ರ, ಮುಖ ತೋರಿಸದೇ ಹೋದ ದುಃಖದಲ್ಲಿ, ಆ ನಗುವಿನ ಮಧ್ಯೆ ಪೆಚ್ಚಾಗಿ ಕೂತಿದ್ದರು.

ಅವರ ದುಃಖಕ್ಕೆ ಕಾರಣವಿತ್ತು. ಸೋಮವಾರ ಅಂಗಡಿಯಲ್ಲಿ ಯಾರೂ ನಂಬಲಿಲ್ಲ. ‘ಕಾಲು ಯಾರದಾದ್ರೂ ಆಗಬೌದು ಬುಡಿ ಸಾ’ ಎಂದು ಪಕ್ಕದ ಮೋಟಾರು ರಿಪೇರಿಯವರು ಹಲ್ಲುಕಿರಿದರಂತೆ. ಅಪ್ಪ ಚಪ್ಪಲಿ ಬಿಚ್ಚಿ ಹೆಬ್ಬೆರಳು ತೋರಿಸಿದರೂ ಪ್ರಯೋಜನವಾಗಲಿಲ್ಲ. ಮನೆಗೆ ಬಂದು ಊಟ ಬೇಡ ಎಂದರು. ಅಮ್ಮ ಸೀರೆ ಬದಲಾಯಿಸಿ, ಅಪ್ಪನಿಗಿಂತ ಮುಂದೆ ನಡೆದು, ಬಿಸಿಲಲ್ಲಿ ಅಂಗಡಿಗೆ ಹೋಗಿ ನಿಂತಳು. ನನಗೆ ಇದನ್ನು ಹೇಳಿದವರು ಚಿಕ್ಕಪ್ಪ.

‘ಆ ಕಾಲು ನಮ್ಮನೆಯವರದ್ದೇ’ ಎಂದಳಂತೆ ಮೋಟಾರು ರಿಪೇರಿಯವರಿಗೆ. ‘ನಾನು ನೋಡಿದೀನಿ. ಇಷ್ಟು ವರ್ಷ ಅದಕ್ಕೆ ಎಣ್ಣೆ ಹಚ್ಚಿರೋಳು ನಾನು. ಇನ್ನೇನಾರ ಸಾಕ್ಷಿ ಬೇಕಾ?’

ಬೇಡ ಎಂದರಂತೆ ಅವರು. ಅಪ್ಪ ಆ ವಾರದಿಂದ ಅಮ್ಮನ ಪಕ್ಕದಲ್ಲೇ ಕೂತು ಧಾರಾವಾಹಿ ನೋಡತೊಡಗಿದರು.

ಕೊನೆಯ ಕಂತನ್ನು ನೋಡಲು ನಾವೆಲ್ಲ ನರಸೀಪುರಕ್ಕೆ ಹೋದೆವು. ಚಿಕ್ಕಮ್ಮ ಹೆದರಿದ ಹಾಗೆ ಇನ್‌ಸ್ಪೆಕ್ಟರ್ ಸಾಯಲಿಲ್ಲ. ಕೊನೆಯ ಕೇಸಿನಲ್ಲಿ ಸಿಕ್ಕಿಬಿದ್ದದ್ದು ಅವರದೇ ಹಳೆಯ ಸ್ನೇಹಿತ. ಅವನಿಗೆ ಬೇಡಿ ಹಾಕಿ, ಸ್ಟೇಷನ್ನಿಗೆ ಬಂದು, ಟೋಪಿ ಮೇಜಿನ ಮೇಲಿಟ್ಟು, ಯಾರಿಗೂ ಹೇಳದೆ ಹಿಂದಿನ ಬಾಗಿಲಿನಿಂದ ಹೊರಟುಹೋದರು. ತೆರೆ ಕಪ್ಪಾಯಿತು. ಜಾಹೀರಾತು ಬಂತು. ಅಮ್ಮ ಮೂಗು ಒರೆಸಿಕೊಂಡಳು. ಎದುರಿಗೇ ಕೂತಿದ್ದ ತಂಗಿಗೆ ಫೋನ್ ಮಾಡುವ ಅಭ್ಯಾಸದಲ್ಲಿ ಫೋನು ಎತ್ತಿಕೊಂಡು, ನಾಚಿಕೊಂಡು ಕೆಳಗಿಟ್ಟಳು.

ಬೆಳಿಗ್ಗೆ ಚಿಕ್ಕಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ನನಗೆ ಮೊದಲ ಪೀರಿಯಡ್ಡಿನ ಅವಸರ. ಅಮ್ಮ ಕಾಯಿಚಟ್ನಿ ಬಡಿಸುತ್ತ, ‘ಆ ಸ್ನೇಹಿತ ಕೊಂದಿಲ್ಲ ಕಣೆ. ಇದನ್ನ ಸರಿಯಾಗಿ ಮುಗಿಸಿಲ್ಲ’ ಎಂದಳು.

‘ನಂಗೂ ರಾತ್ರಿಯೆಲ್ಲ ಅದೇ ಯೋಚನೆ ಅಕ್ಕ. ಅವನ ಹೆಂಡ್ತಿ?’

‘ಹೆಂಡ್ತಿ ಊರಲ್ಲೇ ಇರ್ಲಿಲ್ವಲ್ಲ’ ಎಂದರು ಅಪ್ಪ, ರೊಟ್ಟಿ ಮುರಿಯುತ್ತ.

ಇಬ್ಬರೂ ಅವರ ಕಡೆ ತಿರುಗಿದರು.

‘ಇದ್ಲು ಭಾವ. ಆಸ್ಪತ್ರೇಲಿ ತೋರಿಸಿದ್ರಲ್ಲ.’

‘ಅದು ಅವಳ ತಂಗಿ. ನೀವು ಮಾತಾಡ್ತಾ ಮಾತಾಡ್ತಾ ಸರಿಯಾಗಿ ನೋಡಾಕಿಲ್ಲ. ಕಿವಿಲಿ ಓಲೆನೇ ಬೇರೆ ಇತ್ತು.’

‘ಓಲೆ ನೋಡಿದ್ರಾ ನೀವು?’ ಅಮ್ಮ ಚಟ್ನಿ ಪಾತ್ರೆ ಕೆಳಗಿಟ್ಟು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ‘ಎಲ್ಲಿ, ಮೊದ್ಲಿಂದ ಏಳಿ. ಕೊಲೆ ಆದಾಗ ಯಾರ್ಯಾರು ಎಲ್ಲೆಲ್ಲಿದ್ರು?’

ಒಲೆಯ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಅದನ್ನು ಮಗುಚಿ ಹಾಕಿದವಳು ನಾನೇ. ಅಪ್ಪ ಎರಡು ಲೋಟ, ಒಂದು ಉಪ್ಪಿನಕಾಯಿ ಬಾಟಲಿ ಇಟ್ಟುಕೊಂಡು, ಇದು ಆಸ್ಪತ್ರೆ, ಇದು ಮನೆ, ಇದು ಜೀಪು ಎಂದು ತೋರಿಸಲು ಶುರುಮಾಡಿದ್ದರು. ಹೊರಡ್ತೀನಿ ಎಂದೆ. ‘ಹೂಂ, ಹೂಂ’ ಎಂದಳು ಅಮ್ಮ, ಉಪ್ಪಿನಕಾಯಿ ಬಾಟಲಿಯಿಂದ ಕಣ್ಣು ತೆಗೆಯದೆ. ಅಪ್ಪ ಅಮ್ಮ ಆಮೇಲೆ ಬಸ್ಸಿನಲ್ಲಿ ಬರುತ್ತಾರೋ, ಇನ್ನೊಂದು ದಿನ ಅಲ್ಲೇ ಉಳಿಯುತ್ತಾರೋ ಕೇಳೋಣವೆಂದುಕೊಂಡೆ. ಕೇಳಲು ಸಂದು ಸಿಗಲಿಲ್ಲ.